ಮಕ್ತಲದಲ್ಲಿಟ್ಟ ಪ್ರಸ್ಥಾನ

ನಾನು ಬಸ್ ಕಂಡಕ್ಟರಾಗಿದ್ದವಳು. ನಾರಾಯಣಪೇಟೆಯಿಂದ ಮಕ್ತಲ, ಅಲ್ಲಿಂದ ಜೂರಾಲ ಡ್ಯಾಮ್ ದಾಟಿ ಗದ್ವಾಲ, ಮತ್ತೆ ವಾಪಸ್. ಆ ರಸ್ತೆಯ ಒಂದೊಂದು ತಗ್ಗೂ ನನ್ನ ಸೊಂಟಕ್ಕೆ ಗೊತ್ತು. ನನ್ನ ಅಕ್ಕನ ಬಾಳು ಇದಕ್ಕೆ ತೀರ ಉಲ್ಟಾ. ನಾವಿಬ್ಬರೂ ಹುಟ್ಟಿದ್ದು ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ. ನಾನು ಮಗ್ಗ ಬಿಟ್ಟು ಬಸ್ ಹತ್ತಿದೆ. ಅವಳು ಗದ್ವಾಲದ ನೇಕಾರರ ಮನೆಗೆ ಸೊಸೆಯಾಗಿ ಹೋಗಿ, ಅಲ್ಲಿಯ ಕುಣಿಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತವಳು ಇನ್ನೂ ಎದ್ದಿಲ್ಲ. ಹೀಗೆಂದು ನಾನು ರೇಗಿಸಿದರೆ ನಗುತ್ತಾಳೆ, ಕಾಲು ಮಾತ್ರ ತೆಗೆಯುವುದಿಲ್ಲ.

ನನ್ನ ಬಸ್ ಗದ್ವಾಲ ಮುಟ್ಟುವ ಹೊತ್ತಿಗೆ ಅಕ್ಕ ಬುತ್ತಿ ಹಿಡಿದುಕೊಂಡು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದಳು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಮೇಲೊಂದು ಹಸಿ ಉಳ್ಳಾಗಡ್ಡಿ. ನಾನು ಉಣ್ಣುತ್ತ ಹೇಳುತ್ತಿದ್ದೆ: "ಹತ್ತು ಅಕ್ಕಾ, ಪ್ಯಾಟಿಗೆ ಬಂದು ನನ್ನ ಮನ್ಯಾಗ ಎರಡು ದಿನ ಇದ್ದು ಹೋಗು. ಟಿಕೆಟ್ ನಾ ತಗೀತೀನಿ." ಅವಳದು ಯಾವಾಗಲೂ ಒಂದೇ ಮಾತು: "ಹ್ಯಾಂಗ ಬರ್ಲೆವಾ, ಮಗ್ಗದ ಮ್ಯಾಲ ಹಾಸು ಐತಿ." ನಾನು ಸಿಟ್ಟಿನಿಂದ ಡಬ್ಬಿ ಮುಚ್ಚಿ, ಬಸ್ಸಿನ ಬಾಗಿಲಲ್ಲಿ ನಿಂತು, ತಗಡನ್ನು ಬಡಿದು "ರೈಟ್ ರೈಟ್" ಎನ್ನುತ್ತಿದ್ದೆ. ಬಸ್ ತಿರುವಿನಲ್ಲಿ ಮರೆಯಾಗುವ ತನಕ ಅವಳು ಅಲ್ಲೇ ನಿಂತಿರುತ್ತಿದ್ದಳು.

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳು. ಒಂದು ಹಾಸು ನೇಯ್ದು ಮುಗಿಯುತ್ತ ಬಂದಾಗ ಅದರ ಬಾಲಕ್ಕೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಹಳೆಯ ಎಳೆಯ ಬೆನ್ನಿಗೇ ಹೊಸ ಎಳೆ ಬರುವುದರಿಂದ ಮಗ್ಗ ಒಂದು ದಿನವೂ ಬರಿದಾಗುವುದಿಲ್ಲ. ಅಕ್ಕ ಮದುವೆಯಾಗಿ ಹೋದ ಹೊಸತರಲ್ಲಿ ಅವಳ ಅತ್ತೆ ಎರಡು ಮಾತು ಹೇಳಿದ್ದರಂತೆ. ಮಗ್ಗದ ಬಾಯಿ ಖಾಲಿ ಬಿಡಬಾರದು. ಹಾಸನ್ನು ಅರ್ಧಕ್ಕೆ ಬಿಟ್ಟು ಬೇರೆ ಊರಲ್ಲಿ ರಾತ್ರಿ ಕಳೆಯಬಾರದು. ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ಮಾತು ಹಾಗೇ ಉಳಿಯಿತು. ಎರಡನ್ನೂ ಕೂಡಿಸಿ ನೋಡಿ: ಖಾಲಿ ಬಿಡುವಂತಿಲ್ಲ, ತುಂಬಿದ್ದನ್ನು ಬಿಟ್ಟು ಹೋಗುವಂತಿಲ್ಲ. ಅಂದಮೇಲೆ ಹೆಂಗಸು ಊರಿಗೆ ಹೋಗುವುದು ಯಾವಾಗ? ನಾನು ಇದನ್ನು ಕೇಳಿದಾಗಲೆಲ್ಲ ಅಕ್ಕ, "ಅದನ್ನ ನಮ್ಮತ್ತಿ ಇದ್ದಾಗs ಕೇಳಬೇಕಿತ್ತು ನೋಡು" ಎಂದು ಲಾಳಿ ಹೊಡೆಯುತ್ತಿದ್ದಳು.

ಹಾಗಂತ ನಾನು ಪ್ರಯತ್ನ ಬಿಟ್ಟವಳಲ್ಲ. ತಿರುಪತಿಗೆ ರೈಲಿನ ಸೀಟು ಮಾಡಿಸಿದೆ, ಹೊರಡುವ ಹಿಂದಿನ ಸಂಜೆ ಹಾಸಿನ ನೆಪ ಬಂತು. ಹಂಪಿಗೆ ಜೀಪು ಗೊತ್ತು ಮಾಡಿದೆ, ಅವಳ ಸೀಟಿನಲ್ಲಿ ನಮ್ಮ ಓಣಿಯ ಒಬ್ಬ ಹೆಂಗಸನ್ನು ಕೂಡಿಸಿಕೊಂಡು ಹೋದೆ. ಆ ತಾಯಿ ರಾಯಚೂರು ದಾಟುವುದರೊಳಗೆ ನನ್ನ ಹೊಸ ಸೀರೆಯ ಮೇಲೆ ವಾಂತಿ ಮಾಡಿಕೊಂಡಳು. ನನ್ನ ಮಗಳ ಮದುವೆಗೂ ಅಕ್ಕ ಬೆಳಗಿನ ಬಸ್ಸಿಗೆ ಬಂದು, ಅಕ್ಷತೆ ಹಾಕಿ, ಸಂಜೆ ಬಸ್ಸಿಗೆ ಹೊರಟಳು. ನಾವಿಬ್ಬರೂ ಸೇರಿ ಮಾಡಿದ ಪ್ರವಾಸವೆಂದರೆ ಜೂರಾಲದ್ದು ಒಂದೇ. ಗೇಟು ಎತ್ತಿದ್ದಾರೆಂದು ಹೋಗಿ, ನೀರು ನೋಡಿ, ಹುರಿದ ಮೀನು ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದಿದ್ದೆವು.

ಈಗ ಕ್ಯಾಲೆಂಡರಿನ ವಿಷಯ. ಅಕ್ಕನ ಮಗ್ಗದ ಎದುರು ಗೋಡೆಗೆ, ನೂಲಿನ ಅಂಗಡಿಯವರು ಯಾವುದೋ ವರ್ಷ ಕೊಟ್ಟ ಒಂದು ಕ್ಯಾಲೆಂಡರ್ ಇತ್ತು. ಕೆಳಗಿನ ತಾರೀಖಿನ ಹಾಳೆಗಳೆಲ್ಲ ಹರಿದು ಹೋದವು, ಮೇಲಿನ ಚಿತ್ರ ಉಳಿಯಿತು. ನೀರಿನ ದಂಡೆಗೆ ಒಂದಕ್ಕೊಂದು ಅಂಟಿಕೊಂಡ ಎತ್ತರದ ಮನೆಗಳು. ಒಂದು ಹಳದಿ, ಒಂದು ಕೆಂಪು, ಒಂದು ನೀಲಿ, ಮತ್ತೊಂದು ಹಳದಿ. ಮುಂದೆ ಕಂಬದ ಹಡಗುಗಳು. ಅದು ಯಾವ ಊರೆಂದು ಅದರ ಮೇಲೆ ಬರೆದಿರಲಿಲ್ಲ. ಸಿನಿಮಾದವರು ಹಾಕಿದ ಸೆಟ್ಟಿಂಗು ಎಂದು ಒಬ್ಬರು, ಯಾರೋ ಕೂತು ಬರೆದ ಚಿತ್ರ ಎಂದು ಇನ್ನೊಬ್ಬರು ಹೇಳುತ್ತಿದ್ದರು.

ಅಕ್ಕ ಆ ಹಳದಿಯನ್ನು ಸೀರೆಗೆ ತಂದಳು. ಬಣ್ಣ ಹಾಕುವವನ ತಲೆ ತಿಂದು, ಒಂದು ಸಲ ಗಾಢವಾಯಿತು, ಒಂದು ಸಲ ತೆಳುವಾಯಿತು ಎಂದು ಜಗಳ ತೆಗೆದು, ಕೊನೆಗೆ ಹಳದಿ ಹತ್ತಿಯ ಮೈಗೆ ಇಟ್ಟಿಗೆ ಕೆಂಪಿನ ರೇಷ್ಮೆ ಅಂಚು ಕೂಡಿಸಿ ನೇಯ್ದಳು. ಸೀರೆ ಕೊಳ್ಳುವ ಸಾವುಕಾರ ಮೊದಲು ಮೂಗು ಮುರಿದ, ಆಮೇಲೆ ಅದನ್ನೇ ಇನ್ನಷ್ಟು ಕೇಳಿದ. ಓಣಿಯಲ್ಲಿ ಅದಕ್ಕೆ ಕ್ಯಾಲೆಂಡರ್ ಸೀರೆ ಎಂದೇ ಹೆಸರು ಬಿತ್ತು. ಆದರೆ ವರ್ಷ ಕಳೆದಂತೆ ಬಿಸಿಲಿಗೆ ಚಿತ್ರ ಮಾಸುತ್ತ ಬಂತು, ಅಕ್ಕನಿಗೆ ಒಂದು ಹುಳ ತಲೆಗೆ ಹೊಕ್ಕಿತು. "ಮೊದಲು ಆ ಹಳದಿ ಹಿಂಗಿರಲಿಲ್ಲವ್ವಾ. ಈಗ ನಾ ನೇಯೂದು ಖರೇನೋ, ಗ್ವಾಡಿ ಮ್ಯಾಲ ಇರೂದು ಖರೇನೋ, ನನಗs ತಿಳೀವಲ್ದು" ಎನ್ನುತ್ತಿದ್ದಳು. ಇದು ತಮಾಷೆಯ ಮಾತಾಗಿರಲಿಲ್ಲ. ಅವಳು ನೇಯ್ದದ್ದರಲ್ಲಿ ತನ್ನದು ಅಂತ ಅವಳಿಗೆ ಅನ್ನಿಸಿದ್ದು ಆ ಸೀರೆ ಒಂದೇ. ಅದರ ಬಣ್ಣವೇ ಸುಳ್ಳಾಗಿದ್ದರೆ ಎಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು.

ಅಕ್ಕನ ಸೊಸೆಗೆ ಅದೇ ಮನೆಯಲ್ಲಿ ಬೇರೆ ಮಗ್ಗವಿದೆ. ಚುರುಕಿನ ಹುಡುಗಿ. ಒಂದು ದಿನ ನಾನು ಅಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಆಕೆ ಫೋನನ್ನು ಆ ಚಿತ್ರದ ಮುಂದೆ ಹಿಡಿದು ಏನೋ ಒತ್ತಿದಳು. "ಅತ್ತಿ, ಇದು ಖರೇ ಊರs ಅಂತರಿ. ಕೋಪನ್‌ಹೇಗನ್. ಡೆನ್ಮಾರ್ಕ್ ಅನ್ನೂ ದೇಶದ ರಾಜಧಾನಿ. ಈ ಮನಿಗೋಳು ಈಗೂ ಹಿಂಗs ಅದಾವಂತ" ಎಂದಳು. ಅಕ್ಕನ ಕೈಯಲ್ಲಿದ್ದ ಲಾಳಿ ನಿಂತಿತು. ಆಮೇಲೆ ಚಿತ್ರವನ್ನೇ ನೋಡುತ್ತ ನನ್ನನ್ನು ಕೇಳಿದಳು: "ಹಂಗಾರ ಅಲ್ಲಿಗೆ ಹೋಗಬೌದೇನು?"

ನನ್ನ ಕೈಯ ಚಹಾ ಸೀರೆಯ ಮೇಲೆ ಚೆಲ್ಲಿತು. ನಾರಾಯಣಪೇಟೆಗೆ ಬಾ ಎಂದರೆ ಬಾರದವಳು, ತಿರುಪತಿ ತಿಮ್ಮಪ್ಪನಿಗೇ ಕೈ ಕೊಟ್ಟವಳು, ಕೋಪನ್‌ಹೇಗನ್ನಿಗೆ ಹೋಗಬಹುದೇ ಎಂದು ಕೇಳುತ್ತಿದ್ದಾಳೆ. ನಾನು ತಡಮಾಡಲಿಲ್ಲ. ನನ್ನ ನಿವೃತ್ತಿಯ ದುಡ್ಡು ಇತ್ತು, ಅಕ್ಕನ ಚೀಟಿ ದುಡ್ಡು ಇತ್ತು. ಅದರ ಲೆಕ್ಕ ಇಲ್ಲಿ ಬೇಡ. ಹೈದರಾಬಾದಿನಿಂದ ಆ ಕಡೆಯ ದೇಶಗಳಿಗೆ ಗುಂಪು ಕರೆದೊಯ್ಯುವವರೊಬ್ಬರನ್ನು ಹಿಡಿದೆ. ಅವರು ಮೂರು ನಾಲ್ಕು ರಾಜಧಾನಿ ತೋರಿಸುತ್ತೇವೆ ಎಂದರು. ಅಕ್ಕ, "ಉಳಿದವು ನೀ ನೋಡು, ನನಗ ಅದೊಂದು ಓಣಿ ಸಾಕು" ಎಂದಳು.

ವೀಸಾಕ್ಕೆ ಬೆರಳಚ್ಚು ಕೊಡಲು ಹೈದರಾಬಾದಿಗೆ ಹೋಗಬೇಕಾಯಿತು. ಮಗ್ಗದ ಮೇಲೆ ಹಾಸು ಇತ್ತಲ್ಲ, ಅಕ್ಕ ನಸುಕಿನಲ್ಲಿ ಹೊರಟು ಅದೇ ರಾತ್ರಿ ಮನೆಗೆ ಬರಲೇಬೇಕೆಂದು ಹಟ ಹಿಡಿದಳು. ಕಚೇರಿಯಲ್ಲಿದ್ದ ಹುಡುಗಿ ತೆಲುಗಿನಲ್ಲಿ, "ಎಂದುಕು ಪೋತುನ್ನಾರಮ್ಮಾ?" ಎಂದಳು. ಯಾಕೆ ಹೋಗುತ್ತಿದ್ದೀರಿ ಅಂತ. ನಾನು ಪ್ರವಾಸ ಎಂದು ಹೇಳಿಕೊಟ್ಟಿದ್ದೆ. ಅಕ್ಕ ಮುಖ ಎತ್ತಿ, "ರಂಗು ಚೂಡನೀಕಿ" ಎಂದಳು. ಬಣ್ಣ ನೋಡಲಿಕ್ಕೆ. ಹುಡುಗಿ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಅದೃಷ್ಟಕ್ಕೆ ವೀಸಾ ಬಂತು.

ಆಮೇಲೆ ಸ್ವೆಟರಿನ ಪಂಚಾಯಿತಿ. ನಮ್ಮೂರಿನ ಬಿಸಿಲಿನಲ್ಲಿ ಅಂಗಡಿಗೆ ಹೋಗಿ ಸ್ವೆಟರ್ ಕೇಳಿದರೆ ಅಂಗಡಿಯವನು ನನಗೆ ಜ್ವರ ಬಂದಿದೆಯೇ ಎಂದು ವಿಚಾರಿಸಿದ. ಅಕ್ಕನಿಗೆ ಸ್ವೆಟರಿನ ಮೇಲೆ ನಂಬಿಕೆಯೇ ಇಲ್ಲ. ಉಟ್ಕೂರಿನ ಕಡೆಯ ಕುರುಬರ ಹತ್ತಿರ ಕರಿ ಕಂಬಳಿ ತರಿಸಿ ಇಟ್ಟುಕೊಂಡಿದ್ದಳು. "ಇದನ್ನ ಹೊತ್ಕೊಂಡು ಆ ಊರಾಗ ಅಡ್ಡಾಡಿದ್ರ ಕುರಿ ಎಲ್ಲಿ ಅಂತ ಕೇಳ್ತಾರ" ಎಂದೆ. "ಕೇಳಲಿ, ಗದ್ವಾಲದಾಗ ಬಿಟ್ಟು ಬಂದೀನಿ ಅಂತೀನಿ" ಎಂದಳು. ಹೀಗೆ ಮಾತಿಗೆ ಮಾತು ಕೊಡುವುದು ನೋಡಿ ನನಗೆ ಒಳಗೊಳಗೇ ಖುಷಿ. ಆದರೂ ಸೀಟು ಖಾಲಿ ಉಳಿಯುವ ಭಯ ನನ್ನ ಬಿಟ್ಟಿರಲಿಲ್ಲ. ತಿರುಪತಿಯ ಸಲವೂ ಹಿಂದಿನ ದಿನದ ತನಕ ಹೀಗೇ ನಗುತ್ತಿದ್ದಳು.

ಈ ಭಯಕ್ಕೆ ಮದ್ದು ಸಿಕ್ಕಿದ್ದು ಮಕ್ತಲದಲ್ಲಿ. ಅಲ್ಲಿ ನಮ್ಮ ಚಿಗವ್ವ ಇದ್ದಾಳೆ, ನಮ್ಮವ್ವನ ತಂಗಿ. ಯಾವ ದಿನ ಏನು ಮಾಡಬಾರದು ಎಂಬುದೆಲ್ಲ ಆಕೆಗೆ ಬಾಯಿಪಾಠ. ಹೇಳಿ ಬರೋಣವೆಂದು ಹೋದರೆ ಮೊದಲ ಪ್ರಶ್ನೆಯೇ, "ಯಾ ದಿಕ್ಕಿಗೆ ಬರ್ತೈತಿ ಆ ಊರು? ಹೊರಡೂದು ಯಾ ವಾರ?"

"ಉತ್ತರಕ್ಕ ಚಿಗವ್ವಾ. ಮಂಗಳವಾರ."

"ಮಂಗಳವಾರ ಉತ್ತರಕ್ಕ ಶೂಲಿ ಐತಿ. ಯಾರರ ಹೊರಡ್ತಾರೇನು?"

"ವಿಮಾನ ನಮ್ಮಪ್ಪಂದೇನು, ಬುಧವಾರ ಬಾ ಅನ್ನಾಕ?"

"ಬುಧವಾರನೂ ಉತ್ತರಕ್ಕ ಶೂಲಿನ" ಎಂದು ಚಿಗವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಅಗಿದು, ದಾರಿಯನ್ನೂ ಆಕೆಯೇ ಹೇಳಿದಳು: "ಪಸ್ತಾನ ಹಾಕ್ರಿ. ಗುರುವಾರ ಚಲೋ ಐತಿ. ನಿಮ್ಮ ಚೀಲ ತಂದು ನನ್ನ ಮನ್ಯಾಗ ಇಡ್ರಿ."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊರಡುವ ದಿನ ಆ ದಿಕ್ಕಿಗೆ ಶೂಲಿ ಇದ್ದರೆ, ಅಂದರೆ ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮೊದಲು ಒಂದು ಒಳ್ಳೆಯ ದಿನ ನೋಡಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ನಮ್ಮ ಸಾಮಾನು ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಸುರುವಾದಂತೆ. ಇದೇ ಪ್ರಸ್ಥಾನ, ಚಿಗವ್ವನ ಬಾಯಲ್ಲಿ ಪಸ್ತಾನ. ಇಟ್ಟವರು ಮನೆಗೆ ವಾಪಸ್ ಬರಬಹುದು, ಆದರೆ ಆ ಸಾಮಾನು ಪ್ರಯಾಣ ಮುಗಿಯದೆ ಮನೆಗೆ ತಿರುಗಿ ಬರಬಾರದು. ಗದ್ವಾಲಕ್ಕೆ ಮಕ್ತಲ ಉತ್ತರದಲ್ಲೇ ಬರುತ್ತದೆ, ಹೈದರಾಬಾದಿನ ದಾರಿಗೂ ಹೊಂದುತ್ತದೆ.

ಇದನ್ನು ಕೇಳಿದ್ದೇ ನನ್ನ ತಲೆಯಲ್ಲಿ ದೀಪ ಹತ್ತಿತು. ಅಕ್ಕನ ಚೀಲ ಒಮ್ಮೆ ಮಕ್ತಲಕ್ಕೆ ಬಂದುಬಿಟ್ಟರೆ ಅದು ವಾಪಸ್ ಹೋಗುವಂತಿಲ್ಲ. ಚೀಲ ಇಲ್ಲಿ, ಅಕ್ಕ ಅಲ್ಲಿ, ಎಷ್ಟು ದಿನ ನಡೆದೀತು? ಅತ್ತೆಯ ಮಾತಿಗೆ ಚಿಗವ್ವನ ಮಾತನ್ನೇ ಅಡ್ಡ ಹಾಕಬೇಕು. ನಾನು ಅಂದೇ ಅಕ್ಕನಿಗೆ ಫೋನ್ ಮಾಡಿ, ನಿನ್ನ ಒಳ್ಳೆಯ ಸೀರೆಗಳನ್ನೆಲ್ಲ ಆ ಚೀಲಕ್ಕೇ ತುಂಬು, ಕಂಬಳಿಯನ್ನೂ ತುಂಬು, ಏನೂ ಉಳಿಸಬೇಡ ಎಂದು ತಾಕೀತು ಮಾಡಿದೆ. "ಆತು ತಗೋ" ಎಂದಳು.

ಬುಧವಾರ ಸಂಜೆ ಅವಳ ಸೊಸೆಯ ಫೋನ್ ಬಂತು. "ಸಣ್ಣತ್ತಿ, ಸಿಟ್ಟಾಗಬ್ಯಾಡ್ರಿ. ಕಡೀ ಸೀರಿ ಇವತ್ತು ಮಗ್ಗದಿಂದ ಇಳೀತು. ಆದ್ರ ಅತ್ತಿ ಹೊಸಾ ಹಾಸು ತಂದು ಮಗ್ಗದ ಬಾಜೂಕs ಇಟ್ಕೊಂಡು ಕುಂತಾರ." ಇನ್ನೇನು, ರಾತ್ರಿಯೋ ಬೆಳಗ್ಗೆಯೋ ಕೆಚ್ಚಲು ಕೂರುತ್ತಾಳೆ. ಕೆಚ್ಚಿದಳೋ, ಮುಗಿಯಿತು ಕಥೆ.

ಗುರುವಾರ ನಾನು ನನ್ನ ಚೀಲ ಹೊತ್ತು ಮಕ್ತಲಕ್ಕೆ ಹೋದೆ. ಅಕ್ಕ ಮೊದಲ ಬಸ್ಸಿಗೇ ಬಂದು, ಇಟ್ಟು, ನನ್ನ ಮುಖ ಕೂಡ ನೋಡದೆ ವಾಪಸ್ ಹೋಗಿದ್ದಳು. ದೇವರ ಜಗುಲಿಯ ಪಕ್ಕ ಅವಳ ಚೀಲವಿತ್ತು. ಗೋಡೆಗೆ ಒರಗಿಸಿ ಇನ್ನೊಂದು ಉದ್ದನೆಯ ಗಂಟೂ ಇತ್ತು. ಹಳೇ ಸೀರೆಯಲ್ಲಿ ಸುತ್ತಿ ದಾರದಿಂದ ಬಿಗಿದದ್ದು, ನಿಲ್ಲಿಸಿದರೆ ನನ್ನ ಎದೆಮಟ್ಟ ಬರುತ್ತಿತ್ತು. "ಇದೇನು ಚಿಗವ್ವಾ, ಚಾಪಿಯೇನು?" ಎಂದು ಕೈ ಹಾಕಿದೆ. "ಪಸ್ತಾನದ ಗಂಟು ಬಿಚ್ಚಿ ನೋಡಬಾರದು. ಕೈ ತಗಿ" ಎಂದು ಚಿಗವ್ವ ಗದರಿದಳು. ಬಿಚ್ಚಬಾರದು ಸರಿ, ಎತ್ತಬಾರದು ಎಂದೇನೂ ಇಲ್ಲವಲ್ಲ. ಚೀಲ ಎತ್ತಿ ನೋಡಿದೆ. ಒಂದು ಕೈಗೆ ಹೂವಿನಂತೆ ಬಂತು. ಒಂದೆರಡು ಸೀರೆಗಿಂತ ಹೆಚ್ಚು ಇರಲಾರದು, ಕಂಬಳಿಯಂತೂ ಇಲ್ಲವೇ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನನ್ನು ಸಮಾಧಾನ ಮಾಡಲು ಒಂದು ಖಾಲಿ ಚೀಲ, ಮೇಲೊಂದು ಚಾಪೆ.

ಭಾನುವಾರ ತಡೆಯಲಾರದೆ ಸೊಸೆಗೆ ಫೋನ್ ಮಾಡಿದೆ. "ಕೆಚ್ಚಿದ್ಲೇನವಾ?" ಎಂದರೆ ಆಕೆ ನಗುತ್ತ, "ನಾ ಏನೂ ಹೇಳಂಗಿಲ್ರಿ ಸಣ್ಣತ್ತಿ, ಅತ್ತಿ ಆಣಿ ಹಾಕ್ಯಾರ. ನೀವs ಬಂದು ನೋಡ್ರಿ" ಎಂದಳು. ಆ ನಗು ನನಗೆ ಚೂರೂ ಹಿಡಿಸಲಿಲ್ಲ. ಅಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡೆ. ಈ ಸಲ ತಪ್ಪಿದರೆ ಇನ್ನೊಮ್ಮೆ ಕರೆಯುವುದಿಲ್ಲ. ಇಬ್ಬರ ಮೊಣಕಾಲೂ ಈಗಾಗಲೇ ಮಾತಾಡಲು ಸುರು ಮಾಡಿವೆ. ಕರೆದು ಕರೆದು ನನಗೂ ಸಾಕಾಗಿದೆ. ಅವಳ ಹಳದಿ ಅವಳ ಗೋಡೆಯ ಮೇಲೇ ಮಾಸಲಿ.

ಮಂಗಳವಾರ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಗದ್ವಾಲಕ್ಕೆ ಹೋದೆ. ಜೂರಾಲ ದಾಟುವಾಗಲೇ ಬೈಯಬೇಕಾದದ್ದನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದೆ. ಮನೆಯೊಳಗೆ ಕಾಲಿಟ್ಟೆ. ಅಕ್ಕ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು.

ಅಲ್ಲಿಂದ ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ತಿರುಪತಿ ಬಂತು, ಹಂಪಿ ಬಂತು, ವಾಂತಿಯ ಸೀರೆ ಬಂತು. "ನಿನ್ನ ಸಲುವಾಗಿ ನಾ ಎಷ್ಟು ಸಲ ಖಾಲಿ ಸೀಟು ಕಟಗೊಂಡು ಅಡ್ಡಾಡಲಿ? ಬರೂದಿಲ್ಲಂದ್ರ ಬರೂದಿಲ್ಲ ಅಂತ ಮೊದಲs ಹೇಳು. ಹೊಸಾ ಹಾಸು ತಂದಿಟ್ಕೊಂಡು ನನ್ನ ಮುಂದ ನಾಟಕ ಮಾಡ್ತೀ?" ಕಾರಿನ ಡ್ರೈವರ್ ಬಾಗಿಲಿಗೆ ಬಂದು ಇಣುಕಿ ಹಾಗೇ ಹಿಂದೆ ಸರಿದ. ಅಕ್ಕ ಪೂರ್ತಿ ಕೇಳಿಸಿಕೊಂಡಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಮುಗೀತೇನು? ನೀರು ಕುಡಿ. ಕುಡಿದು ಮಗ್ಗ ನೋಡು" ಎಂದಳು.

ನೋಡಿದೆ. ಹೊಸ ಹಾಸು ಬದಿಯಲ್ಲಿ ಸುತ್ತಿಟ್ಟಂತೆಯೇ ಇತ್ತು. ಮಗ್ಗದ ನಡುವೆ ಇರಬೇಕಾದ ಹಣಿಗೆ ಇರಲಿಲ್ಲ. ಹಣಿಗೆ ಎಂದರೆ ಹಾಸಿನ ಒಂದೊಂದು ಎಳೆಯನ್ನೂ ಬಿಡಿಯಾಗಿ ಹಿಡಿದು ನಿಲ್ಲಿಸುವ, ಸೀರೆಯ ಅಗಲದಷ್ಟು ಉದ್ದನೆಯ ಬಾಚಣಿಗೆಯಂಥ ಪಟ್ಟಿ. ಹಳೇ ಹಾಸಿನ ಬಾಲ ಉಳಿದುಕೊಳ್ಳುವುದು ಅದರಲ್ಲೇ. ಅದಿಲ್ಲದೆ ಕೆಚ್ಚಲು ಬಾರದು, ಒಂದು ಎಳೆಯನ್ನೂ ನೇಯಲು ಬಾರದು.

"ಹಣಗಿ ಎಲ್ಲಿ ಅಕ್ಕಾ?"

"ಮಕ್ತಲ್‌ದಾಗ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಅಕ್ಕ ನಿಧಾನವಾಗಿ ಹೇಳಿದಳು: "ನನ್ನ ಕೈ ನನಗ ಗೊತ್ತಿಲ್ಲೇನು? ಬುಧವಾರ ಸೀರಿ ಇಳಿಸಿದ್ನೋ ಇಲ್ಲೋ, ತಾನs ಹೋಗಿ ಹೊಸಾ ಹಾಸು ತಂತು ಕೈ. ಹಣಗಿ ಮನ್ಯಾಗಿದ್ರ ಬೆಳಕ ಹರಿಯೂದ್ರಾಗ ಕೆಚ್ಚೇ ಬಿಡ್ತಿದ್ದೆ. ಅದಕ್ಕs ಬಿಚ್ಚಿ, ಸೀರ್ಯಾಗ ಸುತ್ತಿ, ಪಸ್ತಾನ ಹಾಕಿಬಿಟ್ಟೆ. ಹೊಂಟಿದ್ದು ತಿರುಗಿ ಮನಿಗೆ ಬರಂಗಿಲ್ಲಲ್ಲ."

"ಮಗ್ಗದ ಬಾಯಿ ಖಾಲಿ ಬಿಡಬಾರದು ಅಂತಿದ್ಯಲ್ಲ? ನಿಮ್ಮತ್ತಿ ಮಾತು?"

"ಖಾಲಿ ಎಲ್ಲೈತಿ? ಮಗ್ಗ ಊರಿಗೆ ಹೋಗೈತಿ. ಮಂದಿ ಊರಿಗೆ ಹೋದ್ರ ಅವರ ಮನೀಗೆ ಖಾಲಿ ಮನಿ ಅಂತಾರೇನು?"

ಸೊಸೆ ಅಡುಗೆಮನೆಯಿಂದ ಕಿಸಕ್ಕೆಂದಳು. ನನಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡೂ ಕೂಡಿ ಮೂಗಿನಲ್ಲಿ ನೀರಾಯಿತು. ಅಕ್ಕನನ್ನು ಕಟ್ಟಿಹಾಕಲು ನಾನು ಹಗ್ಗ ಹೊಸೆಯುತ್ತಿದ್ದರೆ, ಅವಳು ತನ್ನನ್ನು ತಾನೇ ನನಗಿಂತ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಅಷ್ಟು ಆಸೆ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. "ಮತ್ತ ಕುಣ್ಯಾಗ ಯಾಕ ಕುಂತಿ?" ಎಂದೆ.

"ಹೇಳಿ ಹೋಗಬೇಕಲ್ಲವಾ" ಎಂದು ಮಗ್ಗದ ಕಟ್ಟಿಗೆಯನ್ನು ಒಮ್ಮೆ ಸವರಿ, ಎರಡೂ ಕೈ ಊರಿ ಮೇಲೆ ಬಂದಳು. ಕ್ಯಾಲೆಂಡರ್ ಸೀರೆ ಉಟ್ಟಿದ್ದಳು. ಇನ್ನೊಂದು ಚೀಲ ಬಾಗಿಲ ಹಿಂದೆಯೇ ತುಂಬಿ ಕೂತಿತ್ತು, ಕಂಬಳಿ ಸಮೇತ.

ಮಕ್ತಲದಲ್ಲಿ ಚಿಗವ್ವ ಮೊಸರು ಸಕ್ಕರೆ ಕೊಟ್ಟು, ಚೀಲಗಳನ್ನು ಕಾರಿಗೆ ಹಾಕಿಸಿದಳು. ಗಂಟನ್ನು ತಾನೇ ತಂದಳು. ಗಂಟಿನಲ್ಲಿ ಏನಿದೆ ಎಂದು ಆಕೆಗೆ ಮೊದಲ ದಿನವೇ ಗೊತ್ತಿತ್ತೆಂಬುದು ಆಕೆಯ ಮುಖದಲ್ಲೇ ಕಾಣುತ್ತಿತ್ತು. "ಹಣಗೀನ ಇಲ್ಲೇ ಇಟ್ಟು ಹೋಗ್ತೀವಿ ಚಿಗವ್ವಾ" ಎಂದೆ. "ಪಸ್ತಾನ ಹಾಕಿದ್ದು ಪೂರಾ ಹೋಗಬೇಕು" ಎಂದಳು ಚಿಗವ್ವ. ಅಕ್ಕನೂ ಅದನ್ನು ಬಿಡುವ ಹಾಗೆ ಕಾಣಲಿಲ್ಲ. ಸೀಟಿನಲ್ಲಿ ಕೂತು, ಗಂಟಿನ ಒಂದು ತುದಿ ಬಿಚ್ಚಿ ತೋರಿಸಿದಳು. ಹಣಿಗೆಯ ಹಲ್ಲುಗಳ ನಡುವೆ ಹಳೇ ಹಾಸಿನ ಬಾಲ ಹಾಗೇ ಇತ್ತು, ಗೇಣುದ್ದದ ಹಳದಿ ಎಳೆಗಳು, ಕಡೆಯಲ್ಲಿ ಇಟ್ಟಿಗೆ ಕೆಂಪು. "ಇದನ್ನ ಆ ಮನಿ ಗ್ವಾಡಿಗೆ ಹಿಡದು ನೋಡ್ತೀನಿ" ಎಂದಳು.

"ಹೊಂದಲಿಲ್ಲಂದ್ರ?"

"ಹೊಂದಲಿಲ್ಲಂದ್ರೂ ಚಲೋನ. ಖರೇದು ಯಾವುದಂತ ತಿಳೀತೈತಲ್ಲ."

"ಹೊಂದಲಿಲ್ಲಂದ್ರ ಆ ಮನಿಯವ್ರಿಗೆ ಗ್ವಾಡಿ ಬಣ್ಣ ಬದಲಿ ಮಾಡ್ರಿ ಅಂತ ಹೇಳೂಣು" ಎಂದೆ. ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಹಣಿಗೆಯನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಹಾಕಿಕೊಂಡೆವು. ವಿಮಾನದಲ್ಲಿ ಇದನ್ನು ಬಿಡುತ್ತಾರೋ ಇಲ್ಲವೋ ಎಂದು ಅವಳು ಕೇಳಿದಳು. ಲಗೇಜ್ ಟಿಕೆಟ್ ಹರಿಯುತ್ತಾರೆ, ಸುಮ್ಮನಿರು ಎಂದೆ.

ಡ್ರೈವರ್ ಕನ್ನಡಿಯಲ್ಲಿ ನೋಡಿ, "ಹೋಗೂಣೇನ್ರಿ?" ಎಂದ. ಅಕ್ಕ ಮೊಣಕೈಯಿಂದ ನನ್ನನ್ನು ತಿವಿದಳು. "ಹೇಳವಾ, ರೈಟ್ ಅನ್ನು."

ನಾನು ಬಾಯಿ ತೆರೆದೆ. ಆ ಮಾತನ್ನು ಜನ್ಮವಿಡೀ ಹೇಳಿದ್ದೇನೆ, ಅವಳನ್ನು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೋಗುವಾಗೆಲ್ಲ ಹೇಳಿದ್ದೇನೆ. ಈಗ ಸದ್ದೇ ಹೊರಡಲಿಲ್ಲ. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾಗಿಲಿನ ತಗಡನ್ನು ನನ್ನ ಹಾಗೇ ಎರಡು ಸಲ ಬಡಿದು ಹೇಳಿದಳು: "ರೈಟ್ ರೈಟ್."